ಹತ್ತಿ ಹೂವಿನ ಚಿತ್ರ: ಕಲಾಪದವಿಯ ಪ್ರಯೋಜನ ತಿಳಿಸಿದ ಒಂದು ಅಭ್ಯಾಸ ಪಾಠ

ಅಭ್ಯಾಸ ಬೋಧನೆಗೆಂದು ನಮ್ಮ ತಂಡಕ್ಕೆ ಗುತ್ತಲದ ಒಂದು ಪ್ರೌಢಶಾಲೆ ನಿಗದಿಯಾಗಿತ್ತು. ಬಿ.ಎಸ್ಸಿ. ಮುಗಿಸಿ ಬಿ.ಇಡಿ.ಗೆ ಬಂದ ನನಗೆ 10ನೇ ತರಗತಿಯ ‘ಜೀವಿಗಳು ಹೇಗೆ ಸಂತಾನೋತ್ಪತ್ತಿ ನಡೆಸುತ್ತವೆ’ ಘಟಕ ಬಂತು. ಹೂವಿನ ಭಾಗಗಳ ಪಾಠದಲ್ಲಿ ನಾನು ಒಂದು ತಪ್ಪು ಮಾಡಿದೆ. ಅದನ್ನು ತಿದ್ದಿದವರು ಆ ಶಾಲೆಯ ಚಿತ್ರಕಲಾ ಶಿಕ್ಷಕರು. ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಓದಿದವರಿಗೆ ಏನು ಸಿಗುತ್ತದೆ ಎಂಬುದು ಆ ನೆಪದಲ್ಲಿ ನನಗೆ ತಿಳಿಯಿತು.

ಮೊದಲ ಪಾಠ

ಸೆಪ್ಟೆಂಬರ್ ಕೊನೆಯ ವಾರ. ಸುತ್ತಲಿನ ಹೊಲಗಳಲ್ಲಿ ಹತ್ತಿ ಹೂ ಬಿಟ್ಟಿತ್ತು. ನಿಜವಸ್ತುವೇ ಉತ್ತಮ ಬೋಧನೋಪಕರಣ ಎಂದು ಓದಿದ್ದೆವಲ್ಲ, ತಲಾ ಒಂದು ಹೂ ತರಲು ಮಕ್ಕಳಿಗೆ ಹೇಳಿದೆ. ಪ್ರಸ್ತಾವನೆ, ಕಪ್ಪುಹಲಗೆಯ ಮೇಲೆ ಹೂವಿನ ನೀಳಛೇದ ನೋಟ, ಭಾಗಗಳ ಹೆಸರು, ಕೊನೆಗೆ ‘ನಿಮ್ಮ ಕೈಯಲ್ಲಿರುವ ಹೂವಿನ ಚಿತ್ರ ಬರೆದು ಭಾಗ ಗುರುತಿಸಿ’ ಎಂಬ ಚಟುವಟಿಕೆ. ಎಲ್ಲವೂ ಪಾಠಯೋಜನೆಯಂತೆ ನಡೆಯಿತು. ವೀಕ್ಷಣೆಗೆ ಕುಳಿತಿದ್ದ ಗೆಳತಿಯರೂ ಚೆನ್ನಾಗಿತ್ತು ಎಂದರು.

ಹಾಳೆಗಳನ್ನು ತಿದ್ದುವಾಗ ಬಹುತೇಕ ಎಲ್ಲರೂ ಹಲಗೆಯ ಮೇಲಿನ ಚಿತ್ರವನ್ನೇ ಬರೆದಿದ್ದರು. ಒಬ್ಬ ಹುಡುಗನದು ಮಾತ್ರ ಬೇರೆ. ಕೇಸರಗಳು ಬಿಡಿಬಿಡಿಯಾಗಿರಲಿಲ್ಲ. ನಡುವೆ ಒಂದು ಕೊಳವೆ, ಅದರ ಮೈತುಂಬ ಸಣ್ಣ ಸಣ್ಣ ಗುಂಡುಗಳು, ತುದಿಯಲ್ಲಿ ಹೊರಬಂದ ಶಲಾಕಾಗ್ರ. ನಾನು ಕೆಂಪು ಪೆನ್ನಿನಿಂದ ತಪ್ಪು ಗುರುತು ಹಾಕಿ, ‘ಪುಸ್ತಕ ನೋಡಿ ಮತ್ತೆ ಬರೆ’ ಎಂದು ಬರೆದೆ. ಮರುದಿನ ಅವನು ಹಾಳೆ ಹಿಡಿದು ಬಂದ.

“ಪುಸ್ತಕದಾಗ ಹಂಗ ಐತ್ರಿ ಮೇಡಂ. ಹೂವಿನ್ಯಾಗ ಹಿಂಗ ಐತ್ರಿ.”

ನನಗೆ ಘಟಕ ಮುಗಿಸುವ ಅವಸರ. ಪರೀಕ್ಷೆಗೆ ಪುಸ್ತಕದ್ದೇ ಬರೆಯಬೇಕು ಎಂದು ಕಳಿಸಿಬಿಟ್ಟೆ.

ಮಧ್ಯಾಹ್ನ ಶಿಕ್ಷಕರ ಕೊಠಡಿಯಲ್ಲಿ ಚಿತ್ರಕಲಾ ಶಿಕ್ಷಕರು ಆ ಹಾಳೆ ನೋಡಿದರು. ಏನೂ ಹೇಳದೆ, ಉಳಿದಿದ್ದ ಹೂವೊಂದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನನ್ನ ಮುಂದಿಟ್ಟರು. ಹುಡುಗ ಬರೆದದ್ದೇ ಸರಿ. ಹತ್ತಿ, ದಾಸವಾಳ, ಬೆಂಡೆ ಒಂದೇ ಕುಟುಂಬದ ಸಸ್ಯಗಳು. ಇವುಗಳಲ್ಲಿ ಕೇಸರದಂಡಗಳು ಕೂಡಿಕೊಂಡು ಕೊಳವೆಯಾಗಿ ಶಲಾಕೆಯನ್ನು ಸುತ್ತುವರಿದಿರುತ್ತವೆ. ಮಾಲ್ವೇಸಿ ಕುಟುಂಬದ ಈ ಲಕ್ಷಣವನ್ನು ಪದವಿ ಪರೀಕ್ಷೆಯಲ್ಲಿ ಬರೆದು ನಾನೂ ಅಂಕ ಪಡೆದಿದ್ದೆ. ಹೂ ಎದುರಿಗಿದ್ದಾಗ ಮಾತ್ರ ಅದು ನನ್ನ ಕಣ್ಣಿಗೆ ಬೀಳಲಿಲ್ಲ.

ಕಲಾ ಕಾಲೇಜಿನಲ್ಲಿ ಕಲಿಸುವುದೇನು?

ಅವರು ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಓದಿದವರು. “ಚಿತ್ರ ಬರೆಯೋದು ಕಲಿಯಾಕ ನಾಲ್ಕು ವರ್ಷ ಬೇಕೇನ್ರಿ ಸರ್?” ಎಂದು ಕೇಳಿದೆ. ಅವರು ನಕ್ಕರು. “ಬರೆಯೋದು ಆಮ್ಯಾಲ್ರಿ. ಮೊದಲ ನೋಡೋದು ಕಲೀಬೇಕು” ಎಂದರು.

ಅವರು ವಿವರಿಸಿದ್ದರ ಸಾರ ಇದು. ಮೊದಲ ವರ್ಷ ಗಡಿಗೆ, ಬಟ್ಟೆಯ ಮಡಿಕೆ, ಎಲೆ ಇಂಥವುಗಳನ್ನೇ ಮತ್ತೆ ಮತ್ತೆ ಬರೆಸುತ್ತಾರೆ. ಬೆಳಗಿನ ಬೆಳಕಿನಲ್ಲಿ ಬರೆದ ಗಡಿಗೆಯನ್ನು ಸಂಜೆಯೂ ಬರೆಯಬೇಕು. ಬಸ್ ನಿಲ್ದಾಣ, ಸಂತೆಗಳಲ್ಲಿ ನಿಂತು ರೇಖಾಚಿತ್ರ ಮಾಡಬೇಕು. ಬರೆದದ್ದನ್ನು ಎಲ್ಲರೆದುರು ಗೋಡೆಗೆ ಹಚ್ಚಿ, ‘ಈ ನೆರಳು ಇಲ್ಲೇಕೆ ಬಂತು’ ಎಂದು ಕೇಳಿದರೆ ಕಾರಣ ಹೇಳಬೇಕು. ಮುಂದೆ ವರ್ಣಚಿತ್ರ, ಶಿಲ್ಪ, ಅನ್ವಯಿಕ ಕಲೆ ಮುಂತಾದ ವಿಭಾಗಗಳು. ಜೊತೆಗೆ ಕಲಾ ಇತಿಹಾಸ, ಸೌಂದರ್ಯಶಾಸ್ತ್ರ.

ಒಂದು ಭಾನುವಾರ ಅವರು ನಮ್ಮನ್ನು ತುಂಗಭದ್ರೆಯ ದಡದ ಚೌಡಯ್ಯದಾನಪುರಕ್ಕೆ ಕರೆದೊಯ್ದರು. ಗುತ್ತಲದಿಂದ ಆಳಿದ ಗುತ್ತ ಅರಸರ ಶಾಸನಗಳು ಅಲ್ಲಿನ ಮುಕ್ತೇಶ್ವರ ದೇವಾಲಯದಲ್ಲಿವೆ. ಅಷ್ಟು ಸೂಕ್ಷ್ಮ ಕೆತ್ತನೆ ಹೇಗೆ ಸಾಧ್ಯವಾಯಿತು ಎಂದು ಕೇಳಿದ್ದಕ್ಕೆ, ಅದು ಬಳಪದ ಕಲ್ಲು, ಉಳಿಗೆ ಸುಲಭವಾಗಿ ಒಗ್ಗುತ್ತದೆ ಎಂದರು. ಖನಿಜಗಳ ಗಡಸುತನ ನಾನು ಓದಿದ್ದ ವಿಷಯ. ಅದನ್ನು ಕಂಬಕ್ಕೆ ಹೊಂದಿಸಿ ಹೇಳಿದವರು ಕಲೆ ಓದಿದವರು. ನಿಧಾನವಾಗಿ ನೋಡುವುದು, ಟೀಕೆ ಕೇಳಿ ತಿದ್ದಿಕೊಳ್ಳುವುದು, ವಸ್ತುವಿನ ಗುಣ ಮತ್ತು ಅದರ ಇತಿಹಾಸ ಅರಿಯುವುದು: ನಾಲ್ಕು ವರ್ಷದ ಓದು ಕೊಡುವ ಈ ಮೂರೂ ವಿಜ್ಞಾನ ಶಿಕ್ಷಕರಿಗೂ ಬೇಕಾದವೇ.

ಎರಡನೆಯ ಪಾಠ

ಅವರ ಸಲಹೆಯಂತೆ ಅದೇ ಪಾಠವನ್ನು ಮತ್ತೆ ಮಾಡಿದೆ. ಮೊದಲ ಹತ್ತು ನಿಮಿಷ ಯಾರೂ ಪೆನ್ಸಿಲ್ ಮುಟ್ಟುವಂತಿಲ್ಲ, ಹೂ ನೋಡಿ ಕಂಡದ್ದನ್ನು ಹೇಳಬೇಕು. “ಇವತ್ತಿನ ಹೂವು ಬೆಳ್ಳಗ ಐತ್ರಿ, ನಿನ್ನೇದು ಕೆಂಪಗಾಗೇತ್ರಿ” ಎಂದಳು ಒಬ್ಬ ಹುಡುಗಿ. ನನ್ನ ಯೋಜನೆಯಲ್ಲಿ ಇಲ್ಲದ ಈ ಮಾತಿನಿಂದಲೇ ಪರಾಗಸ್ಪರ್ಶಕ್ಕೆ ದಾರಿಯಾಯಿತು. ಹತ್ತಿ ಹೂ ಅರಳಿದ ದಿನವೇ ಪರಾಗಸ್ಪರ್ಶ ನಡೆಯುತ್ತದೆ. ಮರುದಿನ ದಳಗಳು ಕೆಂಪಾಗಿ, ಆಮೇಲೆ ಉದುರುತ್ತವೆ. ಅಂಡಾಶಯ ಬೆಳೆದು ಹತ್ತಿಕಾಯಿ ಆಗುತ್ತದೆ. ನಂತರ ಒಂದೇ ಹಾಳೆಯಲ್ಲಿ ಎರಡು ಚಿತ್ರ ಬರೆಸಿದೆ: ಎಡಕ್ಕೆ ಪುಸ್ತಕದ ಮಾದರಿ ಹೂ, ಬಲಕ್ಕೆ ಕೈಯಲ್ಲಿದ್ದ ಹೂ, ಕೆಳಗೆ ವ್ಯತ್ಯಾಸಗಳು. ಪರೀಕ್ಷೆಯ ಚಿತ್ರವೂ ಬಿಡಲಿಲ್ಲ, ನಿಜದ ಹೂವೂ ಬಿಡಲಿಲ್ಲ. ಆ ಹುಡುಗನ ಹಾಳೆಯ ಮೇಲಿದ್ದ ನನ್ನ ತಪ್ಪು ಗುರುತನ್ನು ತರಗತಿಯ ಮುಂದೆಯೇ ಹೊಡೆದುಹಾಕಿದೆ.

ಪಾಲಕರ ಪ್ರಶ್ನೆ

ಪಾಲಕರ ಸಭೆಗೆ ಅವನ ತಂದೆ ಬಂದಿದ್ದರು. “ಇಂವಾ ಚಿತ್ರದ ಕಾಲೇಜಿಗೆ ಹೋಗ್ತೀನಂತಾನ್ರಿ. ಅದನ್ನ ಓದಿ ಹೊಟ್ಟಿಗೇನ್ರಿ?” ಎಂದು ಕೇಳಿದರು. ಚಿತ್ರಕಲಾ ಶಿಕ್ಷಕರು ಏನನ್ನೂ ಮುಚ್ಚಿಡಲಿಲ್ಲ. ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ನಾಲ್ಕು ವರ್ಷದ ದೃಶ್ಯಕಲಾ ಪದವಿಗೆ ಸೇರಬಹುದು. ದಾವಣಗೆರೆಯಲ್ಲದೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತುಗಳಲ್ಲೂ ಕಲಿಯಬಹುದು. ಸರ್ಕಾರಿ ಹುದ್ದೆಯೊಂದನ್ನೇ ನಂಬಿ ಕೂರಬಾರದು, ಜಾಹೀರಾತು, ಅನಿಮೇಷನ್, ಪುಸ್ತಕ ವಿನ್ಯಾಸ, ಬಟ್ಟೆಯ ವಿನ್ಯಾಸಗಳಲ್ಲಿ ಕೆಲಸವಿದೆ, ಆದರೆ ದುಡಿಯಬೇಕು ಎಂದರು. ಧಾರವಾಡದಲ್ಲಿ 1935ರಲ್ಲಿ ಕಲಾಶಾಲೆ ತೆರೆದ ಡಿ.ವಿ. ಹಾಲಭಾವಿ ಅವರನ್ನೂ, ನಮ್ಮದೇ ಜಿಲ್ಲೆಯ ಗೊಟಗೋಡಿಯಲ್ಲಿ ಹಳ್ಳಿಯ ಬದುಕನ್ನು ಶಿಲ್ಪಗಳಲ್ಲಿ ನಿಲ್ಲಿಸಿದ ಟಿ.ಬಿ. ಸೊಲಬಕ್ಕನವರ ಅವರನ್ನೂ ನೆನೆದರು.

ನಾನು ಸ್ಪೇನಿನ ರಾಮೋನ್ ಇ ಕಹಾಲ್ ಕಥೆ ಹೇಳಿದೆ. ಅವರಿಗೆ ಚಿತ್ರಕಾರನಾಗುವ ಆಸೆ, ತಂದೆಗೆ ಮಗ ವೈದ್ಯನಾಗಲೆಂಬ ಹಟ. ಕೊನೆಗೆ ಸೂಕ್ಷ್ಮದರ್ಶಕದಲ್ಲಿ ಕಂಡ ನರಕೋಶಗಳನ್ನು ಕೈಯಿಂದಲೇ ಚಿತ್ರಿಸಿದ ಅವರಿಗೆ 1906ರಲ್ಲಿ ನೊಬೆಲ್ ಬಂತು. ಆ ತಂದೆ ಕೇಳಿಸಿಕೊಂಡು, “ಮೊದಲ ಎಸ್ಸೆಸ್ಸೆಲ್ಸಿ ಪಾಸಾಗ್ಲಿ, ಆಮ್ಯಾಲ ನೋಡೂಣು” ಎಂದರು. ಮಗನ ಚಿತ್ರ ನೋಡಿ, “ಹತ್ತಿ ಹೂವು ಖರೇನ ಹಿಂಗ ಇರ್ತೈತ್ರಿ” ಎಂದೂ ಹೇಳಿದರು. ಬಿ.ಎಸ್ಸಿ. ಓದಿದ ನನಗೆ ಕಾಣದ್ದು ಅವರಿಗೆ ಗೊತ್ತೇ ಇತ್ತು.

ಸಹ ಪ್ರಶಿಕ್ಷಣಾರ್ಥಿಗಳಿಗೆ

1. ಕಲಾ ಶಿಕ್ಷಣ 10ನೇ ತರಗತಿಯವರೆಗೆ ಕಡ್ಡಾಯ ವಿಷಯವಾಗಿರಬೇಕೆಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಹೇಳಿದೆ. ನಮ್ಮ ಬಿ.ಇಡಿ.ಯ ನಾಟಕ ಮತ್ತು ಕಲೆಯ ಪತ್ರಿಕೆಯನ್ನು ರೆಕಾರ್ಡ್ ಬರೆದು ಮುಗಿಸಬೇಡಿ.

2. ಚಿತ್ರ ಬರೆಸುವ ಮೊದಲು ನೋಡಲು ಸಮಯ ಕೊಡಿ. ಪಾಠಯೋಜನೆಯಲ್ಲಿ ಆ ನಿಮಿಷಗಳನ್ನು ನಮೂದಿಸಿ.

3. ಒಂದು ಹತ್ತಿ ಹೂ ಕಿತ್ತರೆ ಒಂದು ಕಾಯಿ ಹೋಗುತ್ತದೆ. ಗುಂಪಿಗೆ ಎರಡು ಹೂ ಸಾಕು.

4. ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕರಿದ್ದರೆ ಪಾಠಯೋಜನೆಯನ್ನು ಮೊದಲೇ ಅವರಿಗೆ ತೋರಿಸಿ. ನಾನು ತೋರಿಸಿದ್ದರೆ ಆ ತಪ್ಪು ಗುರುತು ಬೀಳುತ್ತಿರಲಿಲ್ಲ.