ತೋಟ ಕಾಣುತ್ತದೆ, ಷೇರು ಕಾಣಬಾರದು: ಬ್ಲೈಂಡ್ ಟ್ರಸ್ಟ್ ಮಾಡುವ ಬಗೆ

ಹಾಸನದ ಕಡೆ ಟ್ರಸ್ಟ್ ಎಂದರೆ ಶಾಲೆ, ದೇವಸ್ಥಾನ, ಸಮುದಾಯ ಭವನ. ಬ್ಲೈಂಡ್ ಟ್ರಸ್ಟ್ ಬೇರೆಯೇ. ಅಧಿಕಾರಕ್ಕೆ ಬಂದವರು ತಮ್ಮ ಹೂಡಿಕೆಯನ್ನು ಸಂಬಂಧವಿಲ್ಲದ ಟ್ರಸ್ಟಿಗೆ ಒಪ್ಪಿಸಿ, ಆತ ಏನು ಮಾರಿದ, ಏನು ಕೊಂಡ ಎಂಬುದು ತಮಗೇ ತಿಳಿಯದಂತೆ ಮಾಡಿಕೊಳ್ಳುವ ಏರ್ಪಾಡು ಅದು. ಸಹಿ ಹಾಕುವ ಕಡತದಿಂದ ತನಗೆ ಲಾಭವೋ ನಷ್ಟವೋ ಗೊತ್ತಿಲ್ಲದವನ ಕೈ ಯಾವ ಕಡೆಗೂ ವಾಲುವುದಿಲ್ಲ.

1977ರಲ್ಲಿ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಕಡಲೆಕಾಯಿ ಬೆಳೆಗಾರರು. ವ್ಯವಹಾರವನ್ನು ವಕೀಲ ಸ್ನೇಹಿತರೊಬ್ಬರು ಟ್ರಸ್ಟಿಯಾಗಿದ್ದ ಟ್ರಸ್ಟ್‌ಗೆ ಬಿಟ್ಟುಕೊಟ್ಟರು. 1981ರಲ್ಲಿ ಊರಿಗೆ ಮರಳಿದಾಗ ಅದು ಸಾಲದಲ್ಲಿ ಮುಳುಗಿತ್ತು. ಪ್ರಾಮಾಣಿಕ ಪ್ರಯತ್ನವೇ, ಆದರೆ ಗೋದಾಮಿನಲ್ಲಿ ಇರುವುದು ಕಡಲೆಕಾಯಿ ಎಂದು ಕಾರ್ಟರ್‌ಗೆ ಗೊತ್ತೇ ಇತ್ತು.

ನಮ್ಮ ಜಿಲ್ಲೆಗೆ ಮುಖ್ಯವಾದದ್ದು ಇದೇ. ಚನ್ನರಾಯಪಟ್ಟಣದ ತೆಂಗಿನ ತೋಟ, ಅರಕಲಗೂಡಿನ ಹೊಗೆಸೊಪ್ಪಿನ ಹೊಲ, ಹೊಳೆನರಸೀಪುರದ ಹೇಮಾವತಿ ನಾಲೆಯ ಗದ್ದೆ ಯಾರ ಹೆಸರಿಗೆ ಹೋದರೂ ಇದ್ದಲ್ಲೇ ಇರುತ್ತವೆ. ಕೊಬ್ಬರಿ ಬೆಂಬಲ ಬೆಲೆಯ ಸಭೆಯಲ್ಲಿ ಕೂತ ತೋಟದ ಒಡೆಯರಿಗೆ ತಮ್ಮ ಮರಗಳು ಮರೆಯುವುದಿಲ್ಲ. ಆದ್ದರಿಂದ ಜಮೀನನ್ನು ಇದರಿಂದ ಹೊರಗಿಡಿ, ಬಹಿರಂಗವಾಗಿ ಘೋಷಿಸಿ. ಷೇರು, ಮ್ಯೂಚುವಲ್ ಫಂಡ್, ಬಾಂಡ್‌ಗಳನ್ನು ಮಾತ್ರ ಪಟ್ಟಿ ಮಾಡಿಕೊಳ್ಳಿ. ಮನೆಯ ಬೇರೆ ಕಾರಣಕ್ಕೆ ಜಮೀನನ್ನು ಸಾಮಾನ್ಯ ಕುಟುಂಬ ಟ್ರಸ್ಟ್‌ಗೆ ಕೊಡುವುದಿದ್ದರೆ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ಪಿತ್ರಾರ್ಜಿತವಾದರೆ ಹೆಣ್ಣುಮಕ್ಕಳ ಪಾಲನ್ನು ಮರೆಯುವಂತಿಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ವರ್ಗಾಯಿಸಲು 1978ರ ಕಾಯ್ದೆ ಬಿಡುವುದಿಲ್ಲ.

ಇನ್ನು ಟ್ರಸ್ಟಿ. ಹೆಂಡತಿ, ಭಾವಮೈದ, ಪಾಲುದಾರ, ನಿಮ್ಮದೇ ಆಡಿಟರ್ ಯಾರೂ ಬೇಡ. ಹಬ್ಬದೂಟಕ್ಕೆ ಕೂತಾಗ ಮಾತು ಬಂದೇ ಬರುತ್ತದೆ. ಟ್ರಸ್ಟಿ ಕೆಲಸವನ್ನೇ ನಡೆಸುವ ಕಂಪನಿಗಳಿವೆ, ನನ್ನ ಮತ ಅವುಗಳ ಕಡೆಗೆ. ಪತ್ರದಲ್ಲಿ ಬರೆಯದಿದ್ದರೆ ಟ್ರಸ್ಟಿಗೆ ಸಂಭಾವನೆ ಕೇಳುವ ಹಕ್ಕಿಲ್ಲ, ಹಾಗಾಗಿ ಶುಲ್ಕವನ್ನು ಮೊದಲೇ ನಮೂದಿಸಿ.

ಬ್ಲೈಂಡ್ ಟ್ರಸ್ಟ್‌ಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. 1882ರ ಭಾರತೀಯ ಟ್ರಸ್ಟ್ ಕಾಯ್ದೆಯ ಅಡಿಯಲ್ಲೇ ಪತ್ರ ಬರೆಸಬೇಕು. 6ನೇ ಕಲಮಿನಂತೆ ಉದ್ದೇಶ, ಫಲಾನುಭವಿ, ಸ್ವತ್ತು ಸ್ಪಷ್ಟವಾಗಿರಬೇಕು. ತೊಡಕು ಇರುವುದು 19ನೇ ಕಲಮಿನಲ್ಲಿ: ಫಲಾನುಭವಿ ಕೇಳಿದಾಗ ಟ್ರಸ್ಟಿ ಸ್ವತ್ತಿನ ಪೂರ್ಣ ವಿವರ ಕೊಡಲೇಬೇಕು. ಫಲಾನುಭವಿ ನೀವೇ ಆದರೆ ಆ ಬಾಗಿಲು ತೆರೆದೇ ಇರುತ್ತದೆ. ಆದ್ದರಿಂದ ಅಧಿಕಾರದಲ್ಲಿ ಇರುವಷ್ಟು ಕಾಲ ವಿವರ ಕೇಳುವುದಿಲ್ಲ ಎಂದು ನೀವು ಬರೆದುಕೊಡಬೇಕು. ಒಟ್ಟು ಮೌಲ್ಯವನ್ನಷ್ಟೇ ಟ್ರಸ್ಟಿ ತಿಳಿಸಬೇಕು, ಅದೂ ಕಾಗದದಲ್ಲಿ, ಫೋನಿನಲ್ಲಲ್ಲ. ಮಾರುವ, ಕೊಳ್ಳುವ ಪೂರ್ಣ ಅಧಿಕಾರ ಟ್ರಸ್ಟಿಗಿರಲಿ.

ಪತ್ರವಾದ ಮೇಲಿನ ಕೆಲಸವನ್ನೇ ಹೆಚ್ಚಿನವರು ಬಿಡುತ್ತಾರೆ. ನೀವು ಕೊಟ್ಟ ಹಳೆಯ ಷೇರುಗಳನ್ನು ಟ್ರಸ್ಟಿ ಮಾರಿ ಬೇರೆಯದನ್ನು ಕೊಳ್ಳುವ ತನಕ ಟ್ರಸ್ಟ್ ಬ್ಲೈಂಡ್ ಆಗುವುದೇ ಇಲ್ಲ, ನಿಮ್ಮ ಪಟ್ಟಿ ನಿಮ್ಮ ತಲೆಯಲ್ಲೇ ಇರುತ್ತದೆ.

ಟ್ರಸ್ಟ್‌ಗೆ ಬೇರೆ ಪಾನ್, ಬೇರೆ ಬ್ಯಾಂಕ್ ಖಾತೆ ಬೇಕು. ಯಾವಾಗ ಬೇಕಾದರೂ ರದ್ದು ಮಾಡುವ ಹಕ್ಕನ್ನು ಇಟ್ಟುಕೊಂಡರೆ ಆದಾಯ ತೆರಿಗೆ ನಿಮ್ಮ ತಲೆಗೇ ಬರುತ್ತದೆ, ರಿಟರ್ನ್ಸ್ ತುಂಬುವಾಗ ವಿವರವೂ ನಿಮ್ಮ ಕೈಗೆ ಬರುತ್ತದೆ. ಇದನ್ನು ತೆರಿಗೆ ತಜ್ಞರ ಜೊತೆ ಕೂತು ಮೊದಲೇ ತೀರ್ಮಾನಿಸಿ.

ಇಷ್ಟಾದರೂ ಘೋಷಣೆ ತಪ್ಪದು. ನಾಮಪತ್ರದ ಜೊತೆ ನಮೂನೆ 26ರ ಪ್ರಮಾಣಪತ್ರದಲ್ಲಿ ಸಂಗಾತಿ, ಅವಲಂಬಿತರ ಆಸ್ತಿಯನ್ನೂ ಹೇಳಬೇಕು. ಕರ್ನಾಟಕದ ಶಾಸಕರು ಪ್ರತಿವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಸಲ್ಲಿಸಬೇಕು. ಮಂತ್ರಿಗಳಾದರೆ ನೀತಿ ಸಂಹಿತೆಯಂತೆ ವ್ಯವಹಾರದ ಆಡಳಿತವನ್ನೇ ಬಿಡಬೇಕು, ಅದನ್ನು ಸಂಗಾತಿಗೆ ವಹಿಸುವಂತೆಯೂ ಇಲ್ಲ.

ಗ್ರಾಮ ಪಂಚಾಯಿತಿ ಸದಸ್ಯರಿಗೆ ಒಂದು ಮಾತು. ಪಂಚಾಯಿತಿ ಕಾಮಗಾರಿಯಲ್ಲಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪಾಲಿದ್ದರೆ ಅದು ಅನರ್ಹತೆಯೇ. ಜಲ್ಲಿ, ರಸ್ತೆ, ಚರಂಡಿಯ ಗುತ್ತಿಗೆಯನ್ನು ಟ್ರಸ್ಟ್‌ನ ಹೆಸರಿಗೆ ಬರೆದು ಪಾರಾಗಲು ಹೊರಡಬೇಡಿ. ಅಂಥ ಗುತ್ತಿಗೆ ಇದ್ದವರು ನಾಮಪತ್ರ ಸಲ್ಲಿಸುವ ಮುಂಚೆಯೇ ಅದರಿಂದ ಹೊರಬಂದಿರಬೇಕು.