ತಳಿ ತೂಗುವ ಮೊದಲು ನೆಲ ನೋಡು

ಮಗೂ, ನೀನು ಪುತ್ತೂರಿನ ನೆಂಟರಿಂದ ತಂದ ಅಲಸಂದೆ ಬೀಜವನ್ನು ಮೈಸೂರಿನ ಚಾಮರಾಜಪುರಂನ ನಮ್ಮ ಹಿತ್ತಲಲ್ಲಿ ಮೇ ತಿಂಗಳಲ್ಲಿ ಹಾಕಿದೆ. ಬಳ್ಳಿ ಹಬ್ಬಿತು, ಕಾಯಿ ಬರಲಿಲ್ಲ. ‘ತಳಿಯೇ ಸರಿಯಿಲ್ಲ’ ಅಂದುಬಿಟ್ಟೆ. ಸ್ವಲ್ಪ ತಾಳು. ಊರನ್ನೂ ಕಾಲವನ್ನೂ ಬಿಟ್ಟು ಬೀಜವೊಂದನ್ನೇ ತೂಗಬಾರದು.

ಪುತ್ತೂರಿನ ಕರಾವಳಿ ಸೀಮೆಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮೇಲೆ ಮಳೆ. ಮೈಸೂರಿಗೆ ಸುಮಾರು 800. ಅಲ್ಲಿ ಚಪ್ಪರಕ್ಕೆ ಹಬ್ಬಿಸಿ ಎಳೆಗಾಯಿಯನ್ನು ಪಲ್ಯಕ್ಕೆ ಕೊಯ್ಯುತ್ತಾರೆ, ಹಾಗಾಗಿ ಉದ್ದ ಕಾಯಿಯ ಬಳ್ಳಿಯನ್ನೇ ಆರಿಸಿಕೊಂಡು ಬಂದಿದ್ದಾರೆ. ನಮ್ಮ ನಂಜನಗೂಡು, ಚಾಮರಾಜನಗರದ ಕಡೆ ಅಲಸಂದೆಯನ್ನೇ ತಡಗಣಿ ಎನ್ನುತ್ತಾರೆ, ಅದು ಬೇಕಾಗಿರುವುದು ಕಾಳಿಗೆ, ಉಪ್ಸಾರಿಗೆ. ಮುಂಗಾರಿನ ಮೊದಲ ಹದಕ್ಕೆ ಬಿತ್ತಿದ್ದು ಮೂರು ತಿಂಗಳಲ್ಲಿ ಕೈಗೆ ಬಂದು, ರಾಗಿಗೆ ಹೊಲ ಬಿಟ್ಟುಕೊಡಬೇಕು.

ಹಲವು ನಾಟಿ ಅಲಸಂದೆಗಳು ಹಗಲು ಕುಗ್ಗಿದ ಮೇಲೆಯೇ ಹೂ ಬಿಡುವಂಥವು. ಮೇನಲ್ಲಿ ಬಿತ್ತಿದರೆ ಎಲೆಯೇ ಎಲೆ. ಆಗಸ್ಟ್ ಕೊನೆಗೆ ಹಾಕಿದರೆ ಬೇಗ ಹೂವು. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಗರಿಮಾ’ದಂಥ ತಳಿಗೆ ಹಗಲಿನ ಉದ್ದದ ಹಂಗಿಲ್ಲ. ಇನ್ನು ಹೂ ಬಿಡುವ ಹೊತ್ತಿಗೆ ರಾತ್ರಿಯ ಸೆಕೆ ಹೆಚ್ಚಿದರೆ ಮೊಗ್ಗು ಉದುರುತ್ತದೆ, ಬುಡದಲ್ಲಿ ನೀರು ನಿಂತರೆ ಗಿಡ ಸೊರಗುತ್ತದೆ. ಇದನ್ನೆಲ್ಲ ಬೀಜದ ದೋಷವೆಂದು ಬರೆದಿಡಬೇಡ.

ಆಫ್ರಿಕಾದಲ್ಲಿ ಹುಟ್ಟಿದ ಈ ಬೆಳೆ ನಮ್ಮ ನಾಡಿಗೆ ಬಂದು ಸಾವಿರಾರು ವರ್ಷಗಳಾದವು. ನೈಜೀರಿಯಾದ ಇಬಾದಾನ್‌ನ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯ ಬೀಜ ಭಂಡಾರದಲ್ಲಿ ಅಲಸಂದೆಯ ಸುಮಾರು 15,000 ಬಗೆಯ ಮಾದರಿಗಳಿವೆ. ಒಂದೊಂದು ಸೀಮೆಯ ರೈತರು ತಮ್ಮ ನೆಲಕ್ಕೆ ಒಗ್ಗಿದ್ದನ್ನು ಆರಿಸಿ ಉಳಿಸಿದ್ದಕ್ಕೇ ಇಷ್ಟು ಬಗೆ.

ಹೋಲಿಸಲೇಬೇಕಾದರೆ ಪುತ್ತೂರಿನದು, ನಮ್ಮದು ಎರಡೂ ಬೀಜಗಳನ್ನು ಒಂದೇ ದಿನ, ಒಂದೇ ಮಣ್ಣಿನಲ್ಲಿ ಪಕ್ಕಪಕ್ಕ ಹಾಕು. ಮುಂಗಾರಿಗೊಮ್ಮೆ, ಹಿಂಗಾರಿಗೊಮ್ಮೆ ನೋಡು. ನಮ್ಮ ತಡಗಣಿಯನ್ನೂ ಪುತ್ತೂರಿಗೆ ಕಳಿಸಿ, ಅಲ್ಲಿ ಹೇಗೆ ಬಂತೆಂದು ಕೇಳು. ಬಿತ್ತಿದ ದಿನ, ಮೊದಲ ಹೂವು, ಮೊದಲ ಕೊಯ್ಲು, ನಡುವೆ ಬಂದ ಮಳೆ, ಇಷ್ಟನ್ನು ಬರೆದುಕೊಂಡರೆ ಸಾಕು.

ಅಲಸಂದೆ ಹೆಚ್ಚಾಗಿ ಸ್ವಪರಾಗದಿಂದಲೇ ಕಾಯಿ ಕಟ್ಟುವುದರಿಂದ ತಳಿ ಸುಲಭವಾಗಿ ಬೆರಕೆಯಾಗುವುದಿಲ್ಲ. ಒಳ್ಳೆಯ ಗಿಡದ ಕಾಯಿಗಳನ್ನು ಬಲಿಯಲು ಬಿಟ್ಟು, ಚೆನ್ನಾಗಿ ಒಣಗಿಸಿ, ಹುಳ ಬೀಳದಂತೆ ಬೂದಿ ಬೆರೆಸಿ ಎತ್ತಿಡು. ಡಬ್ಬದ ಮೇಲೆ ಹೆಸರಿನ ಜೊತೆ ಊರು, ಬಿತ್ತಿದ ತಿಂಗಳು ತಪ್ಪದೆ ಬರೆ. ಅವಿಲ್ಲದಿದ್ದರೆ ನಿನ್ನ ನಂತರ ಬಿತ್ತುವವರು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ.