ಕುಳಿ ದಾಟಿ ಹೋದ ಚೆಂಡು

ಮಕ್ಕಳೇ, ಕಂಪ್ಯೂಟರಿನ ಗಾಲ್ಫ್ ಆಟದಲ್ಲಿ ಗುರಿ ನೇರವಾಗಿದ್ದರೂ ಚೆಂಡು ಕೆಲವೊಮ್ಮೆ ಕುಳಿಯ ಮೇಲೆಯೇ ಹಾದುಹೋಗುತ್ತದೆ. ನಾನೂ ಹೀಗೆ ಸೋತು, ಆಟವೇ ಮೋಸ ಎಂದುಕೊಂಡಿದ್ದೆ! ಕಾರಣ ವೇಗ.

ನಿಜವಾದ ಗಾಲ್ಫ್‌ನಲ್ಲಿ ಕುಳಿಯ ಅಗಲ 108 ಮಿ.ಮೀ., ಚೆಂಡಿನ ವ್ಯಾಸ ಸುಮಾರು 43 ಮಿ.ಮೀ. ಆಚೆಯ ಅಂಚು ಮುಟ್ಟುವಷ್ಟರಲ್ಲಿ ಚೆಂಡು ತನ್ನ ಅರ್ಧದಷ್ಟಾದರೂ, ಅಂದರೆ ಸುಮಾರು 21 ಮಿ.ಮೀ. ಕೆಳಗಿಳಿಯಬೇಕು. ಗುರುತ್ವ ಬಲದಿಂದ ಅಷ್ಟು ಬೀಳಲು ಸೆಕೆಂಡಿನ ಹದಿನೈದನೇ ಒಂದು ಭಾಗ ಬೇಕು. ವೇಗ ಸೆಕೆಂಡಿಗೆ ಸುಮಾರು 1.3 ಮೀಟರ್ ದಾಟಿದರೆ ಆ ಸಮಯ ಸಿಗದು. ಚೆಂಡು ಅಂಚಿಗೆ ಬಡಿದು ಹಾರಿಬಿಡಬಹುದು. ಕುಳಿಯ ನಡುವೆ ಬಾರದೆ ಪಕ್ಕದಲ್ಲಿ ಬಂದರೆ ದಾರಿ ಇನ್ನೂ ಗಿಡ್ಡ, ಆಗ ಇನ್ನೂ ಮೆಲ್ಲಗೆ ಹೊಡೆಯಬೇಕು.

ಗೋಲಿಯನ್ನು ಒಂದೇ ಕುಳಿಯತ್ತ ಹತ್ತು ಸಲ ಮೆಲ್ಲಗೆ, ಹತ್ತು ಸಲ ಜೋರಾಗಿ ಉರುಳಿಸಿ. ಎಷ್ಟು ಬಿದ್ದವು? ಬರೆದಿಡಿ.